ಕೀಬೋರ್ಡಿನ ಮೇಲ್ಸಾಲು: ಎಫ್1ರಿಂದ ಎಫ್12ರವರೆಗೆ, ದಿನದ ಕೆಲಸಕ್ಕೆ

ದಿನಕ್ಕೆ ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂರುವವರ ಕೀಬೋರ್ಡನ್ನು ಒಮ್ಮೆ ನೋಡಿ. ನಡುವಿನ ಅಕ್ಷರಗಳು ಸವೆದು ಓದಲಾಗದಂತೆ ಆಗಿರುತ್ತವೆ. ಮೇಲಿನ ಸಾಲು ಮಾತ್ರ ಅಂಗಡಿಯಿಂದ ತಂದ ದಿನ ಇದ್ದ ಹಾಗೇ ಇರುತ್ತದೆ. ಅಲ್ಲಿ ಸವೆದಿದ್ದರೆ ಎಫ್5 ಒಂದೇ, ಅದೂ ಪುಟ ತೆರೆದುಕೊಳ್ಳದಿದ್ದಾಗ ಸಿಟ್ಟಿನಿಂದ ಕುಟ್ಟಿ ಕುಟ್ಟಿ. 1981ರಲ್ಲಿ ಬಂದ ಐಬಿಎಂ ಪಿಸಿಯ ಕೀಬೋರ್ಡಿನಲ್ಲಿ ಈ ಕೀಗಳು ಹತ್ತೇ ಇದ್ದವು, ಎಡಗಡೆಗೆ ಎರಡು ಸಾಲಾಗಿ. ಆಮೇಲೆ ಮೇಲಕ್ಕೆ ಹೋಗಿ ಹನ್ನೆರಡಾದವು. ಸಾಮಾನ್ಯ ಬಳಕೆದಾರರ ಕೈಗೆ ಮೌಸ್ ಬರುವ ಮುಂಚೆ ಕೆಲಸ ನಡೆಯುತ್ತಿದ್ದದ್ದೇ ಇವುಗಳಿಂದ.

ಶುರುವಿಗೇ ಒಂದು ವಿಷಯ ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ಎಫ್ ಕೀಗೆ ತನ್ನದೇ ಆದ ಕೆಲಸ ಅಂತ ಒಂದಿಲ್ಲ. ಕೀ ಒತ್ತಿದ ಸುದ್ದಿ ಆ ಹೊತ್ತಿಗೆ ಮುಂದಿರುವ ವಿಂಡೋಗೆ ಹೋಗುತ್ತದೆ, ಏನು ಮಾಡಬೇಕು ಅನ್ನುವುದನ್ನು ಆ ಪ್ರೋಗ್ರಾಂ ನಿರ್ಧರಿಸುತ್ತದೆ. ಅದೇ ಎಫ್5 ಬ್ರೌಸರಿನಲ್ಲಿ ಪುಟವನ್ನು ಮತ್ತೆ ತರಿಸುತ್ತದೆ, ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ಶುರು ಮಾಡುತ್ತದೆ, ನೋಟ್‌ಪ್ಯಾಡ್‌ನಲ್ಲಿ ಇವತ್ತಿನ ದಿನಾಂಕ ಮತ್ತು ಸಮಯ ಬರೆಯುತ್ತದೆ, ಲೆಕ್ಕಪತ್ರ ಬರೆಯುವ ಟ್ಯಾಲಿ ತಂತ್ರಾಂಶದಲ್ಲಿ ಪೇಮೆಂಟ್ ವೋಚರ್ ತೆರೆಯುತ್ತದೆ. 'ಒತ್ತಿದೆ, ಏನೂ ಆಗಲಿಲ್ಲ' ಅನ್ನುವ ದೂರಿನಲ್ಲಿ ಹಲವು ಸಲ ತಪ್ಪು ಕೀಯದ್ದಲ್ಲ. ಕಣ್ಣು ಒಂದು ವಿಂಡೋ ಮೇಲಿರುತ್ತದೆ, ಕಂಪ್ಯೂಟರಿನ ಗಮನ ಇನ್ನೊಂದರ ಮೇಲೆ. ಬೇಕಾದ ವಿಂಡೋದೊಳಗೆ ಒಂದು ಸಲ ಕ್ಲಿಕ್ ಮಾಡಿ ಆಮೇಲೆ ಕೀ ಒತ್ತುವುದನ್ನು ರೂಢಿ ಮಾಡಿಕೊಳ್ಳಿ.

ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ. ಮ್ಯಾಕ್ ಬಳಸುವವರಿಗೆ ಟ್ಯಾಲಿ ಭಾಗ ಬಿಟ್ಟರೂ ಅಲ್ಲಲ್ಲಿ ವ್ಯತ್ಯಾಸ ಇರುತ್ತದೆ.

ಲ್ಯಾಪ್‌ಟಾಪ್ ಇದ್ದರೆ ಮೊದಲು ಎಫ್‌ಎನ್ ಗಂಟು ಬಿಡಿಸಿಕೊಳ್ಳಿ

ಹೆಸರು ಬದಲಿಸೋಣ ಅಂತ ಎಫ್2 ಒತ್ತಿದರೆ ಸೌಂಡ್ ಕಡಿಮೆಯಾಯಿತು. ಸ್ಲೈಡ್ ಶೋಗೆ ಎಫ್5 ಒತ್ತಿದರೆ ಪರದೆ ಮಂಕಾಯಿತು. ಕೀಬೋರ್ಡ್ ಕೆಟ್ಟಿಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಗಳ ಮೇಲೆ ಎರಡು ಗುರುತುಗಳಿರುತ್ತವೆ: ಒಂದು ಎಫ್ ನಂಬರ್, ಇನ್ನೊಂದು ಸ್ಪೀಕರ್, ಸೂರ್ಯ, ವಿಮಾನದಂಥ ಚಿತ್ರ. ತಯಾರಕರು ಚಿತ್ರದ ಕೆಲಸಕ್ಕೆ ಮೊದಲ ಮಣೆ ಹಾಕಿರುತ್ತಾರೆ. ಎಡಗಡೆ ಕೆಳಗೆ, ಕಂಟ್ರೋಲ್ ಪಕ್ಕದಲ್ಲಿರುವ ಎಫ್‌ಎನ್ ಕೀಯನ್ನು ಹಿಡಿದುಕೊಂಡು ಎಫ್2 ಒತ್ತಿದರೆ ನಿಜವಾದ ಎಫ್2 ಸಿಗುತ್ತದೆ.

ದಿನಕ್ಕೆ ಒಂದೆರಡು ಸಲ ಆದರೆ ಹಾಗೇ ನಡೆಸಬಹುದು. ಟ್ಯಾಲಿಯಲ್ಲೋ ಎಕ್ಸೆಲ್‌ನಲ್ಲೋ ಕೆಲಸ ಇರುವವರು ಇದನ್ನು ಕಾಯಂ ಆಗಿ ತಿರುಗಿಸಿಬಿಡುವುದು ಲೇಸು. ಎಸ್ಕೇಪ್ ಕೀ ಮೇಲೆ ಚಿಕ್ಕ ಬೀಗದ ಗುರುತು ಇದೆಯೇ ನೋಡಿ. ಲೆನೊವೊ, ಡೆಲ್ ಲ್ಯಾಪ್‌ಟಾಪ್‌ಗಳ ಅನೇಕ ಮಾದರಿಗಳಲ್ಲಿ ಎಫ್‌ಎನ್ ಜೊತೆ ಎಸ್ಕೇಪ್ ಒತ್ತಿದರೆ ಸಾಲು ತಿರುಗಿಬಿಡುತ್ತದೆ, ಮತ್ತೆ ಅದನ್ನೇ ಒತ್ತಿದರೆ ಮೊದಲಿನಂತಾಗುತ್ತದೆ. ಹೀಗೆ ತಿರುಗಿಸಿದ ಮೇಲೆ ಸೌಂಡ್, ಬ್ರೈಟ್‌ನೆಸ್‌ಗೆ ಎಫ್‌ಎನ್ ಹಿಡಿಯಬೇಕಾಗುತ್ತದೆ ಅನ್ನುವುದನ್ನು ಮನೆಯವರಿಗೂ ಹೇಳಿಬಿಡಿ. ಇಲ್ಲದಿದ್ದರೆ ಸಂಜೆ ಹೊತ್ತಿಗೆ 'ಲ್ಯಾಪ್‌ಟಾಪ್ ಹಾಳಾಯಿತು' ಅಂತ ಫೋನ್ ಬರುತ್ತದೆ.

ಬೀಗದ ಗುರುತು ಇಲ್ಲದಿದ್ದರೆ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ಸ್ ಪರದೆಗೆ ಹೋಗಬೇಕು. ಎಚ್‌ಪಿ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯ ದಾರಿ ಇದು: ಪೂರ್ತಿ ಶಟ್‌ಡೌನ್ ಮಾಡಿ, ಆನ್ ಮಾಡಿದ ತಕ್ಷಣ ಎಸ್ಕೇಪನ್ನು ಬಿಟ್ಟು ಬಿಟ್ಟು ಒತ್ತುತ್ತಾ ಇರಿ. ಪಟ್ಟಿ ಬಂದಾಗ ಎಫ್10 ಒತ್ತಿ. ಸಿಸ್ಟಂ ಕಾನ್ಫಿಗರೇಶನ್ ಒಳಗೆ ಆ್ಯಕ್ಷನ್ ಕೀಸ್ ಮೋಡ್ ಅಂತ ಇರುತ್ತದೆ, ಅದನ್ನು ಡಿಸೇಬಲ್ಡ್ ಮಾಡಿ, ಎಫ್10ರಿಂದ ಸೇವ್ ಮಾಡಿ ಹೊರಬನ್ನಿ. ಅಲ್ಲಿರುವ ಬೇರೆ ಯಾವುದನ್ನೂ ಕುತೂಹಲಕ್ಕೆ ಮುಟ್ಟಬೇಡಿ. ಕಂಪ್ಯೂಟರ್ ಯಾವುದರಿಂದ ಶುರುವಾಗಬೇಕು ಎಂಬ ಬೂಟ್ ಆಯ್ಕೆ ತಪ್ಪಿದರೆ ವಿಂಡೋಸ್ ತೆರೆಯದೆ ಕೂರುತ್ತದೆ. ಮ್ಯಾಕ್‌ನಲ್ಲಿ ಇಷ್ಟು ತಾಪತ್ರಯ ಇಲ್ಲ. ಸಿಸ್ಟಂ ಸೆಟ್ಟಿಂಗ್ಸ್, ಕೀಬೋರ್ಡ್, ಕೀಬೋರ್ಡ್ ಶಾರ್ಟ್‌ಕಟ್ಸ್ ಒಳಗೆ ಫಂಕ್ಷನ್ ಕೀಸ್ ಅಂತ ಇದೆ, ಅಲ್ಲಿನ ಸ್ವಿಚ್ ಆನ್ ಮಾಡಿದರೆ ಮುಗಿಯಿತು.

ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡ್‌ನಲ್ಲಿ ಹೊಸ ಕೀಬೋರ್ಡ್ ಕೊಳ್ಳಲು ಹೋದವರಿಗೆ ಒಂದು ಮಾತು. ನೋಡಲು ಮುದ್ದಾದ, ಪುಟ್ಟ ಮೆಕ್ಯಾನಿಕಲ್ ಕೀಬೋರ್ಡ್‌ಗಳಲ್ಲಿ ಅರವತ್ತು ಪರ್ಸೆಂಟ್ ಅನ್ನುವ ಗಾತ್ರದವಕ್ಕೆ ಎಫ್ ಸಾಲೇ ಇರುವುದಿಲ್ಲ. ಎಫ್‌ಎನ್ ಹಿಡಿದು ಅಂಕಿ ಒತ್ತಬೇಕು. ಗೇಮ್ ಆಡುವವರಿಗೆ ಪರವಾಗಿಲ್ಲ, ಲೆಕ್ಕ ಬರೆಯುವವರಿಗೆ ಅದು ಬೇಡ. ಕೌಂಟರಿನಲ್ಲೇ ಪರೀಕ್ಷೆ ಮಾಡಿ: ನೋಟ್‌ಪ್ಯಾಡ್ ತೆರೆಸಿ ಎಫ್5 ಒತ್ತಿ. ದಿನಾಂಕ ಬಂದರೆ ಆ ಸಾಲು ನೇರವಾಗಿ ಕೆಲಸ ಮಾಡುತ್ತಿದೆ.

ಎಫ್2: ಫೈಲಿಗೆ ಹೆಸರಿಡುವುದು

ಒಂದೇ ಒಂದು ಕೀ ಕಲಿಯುತ್ತೇನೆ ಅನ್ನುವವರು ಇದನ್ನೇ ಕಲಿಯಲಿ. ಮಗುವಿನ ಶಾಲೆ ಸೇರ್ಪಡೆಗೋ ಮನೆ ಬಾಡಿಗೆ ಕರಾರಿಗೋ ಫೋನಿನಿಂದ ಸ್ಕ್ಯಾನ್ ಮಾಡಿದ ದಾಖಲೆಗಳು ಕಂಪ್ಯೂಟರಿಗೆ ಬಂದಾಗ ಅವುಗಳ ಹೆಸರು ಉದ್ದನೆಯ ಅಂಕಿಗಳ ಸಾಲಾಗಿರುತ್ತದೆ. ಯಾವುದು ಆಧಾರ್, ಯಾವುದು ಕರೆಂಟ್ ಬಿಲ್ ಗೊತ್ತಾಗುವುದಿಲ್ಲ.

ಫೈಲ್ ಮೇಲೆ ಒಂದೇ ಕ್ಲಿಕ್ ಮಾಡಿ ಎಫ್2 ಒತ್ತಿ. ಹೆಸರು ನೀಲಿಯಾಗುತ್ತದೆ, ಟೈಪ್ ಮಾಡಿ. ಇಲ್ಲಿಯವರೆಗೆ ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಮುಂದಿನದು: ಎಂಟರ್ ಒತ್ತುವ ಬದಲು ಟ್ಯಾಬ್ ಒತ್ತಿ. ಈ ಹೆಸರು ಉಳಿದು, ಮುಂದಿನ ಫೈಲಿನ ಹೆಸರು ತಾನಾಗಿಯೇ ತಿದ್ದಲು ತೆರೆದುಕೊಳ್ಳುತ್ತದೆ. ಹೆಸರು, ಟ್ಯಾಬ್, ಹೆಸರು, ಟ್ಯಾಬ್. ಹದಿನೈದು ದಾಖಲೆಗಳಿಗೆ ಮೌಸ್ ಮುಟ್ಟದೆ ಹೆಸರಿಡಬಹುದು. ಹಿಂದಿನದಕ್ಕೆ ಹೋಗಲು ಶಿಫ್ಟ್ ಜೊತೆ ಟ್ಯಾಬ್.

ಗೃಹಪ್ರವೇಶದ ಇನ್ನೂರು ಫೋಟೋ ಇವೆ, ಎಲ್ಲಕ್ಕೂ ಒಂದೇ ಹೆಸರು, ಮುಂದೆ ನಂಬರ್ ಸಾಕು ಅನ್ನುವುದಾದರೆ ಬೇರೆ ದಾರಿ. ಮೊದಲು ದಿನಾಂಕದ ಪ್ರಕಾರ ಜೋಡಿಸಿಕೊಳ್ಳಿ. ಮೊದಲನೆಯ ಫೋಟೋ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಆರಿಸಿ, ಎಫ್2 ಒತ್ತಿ, 'ಗೃಹಪ್ರವೇಶ' ಅಂತ ಬರೆದು ಎಂಟರ್. ಎಲ್ಲದಕ್ಕೂ ಅದೇ ಹೆಸರು ಬಂದು ಕಂಸದಲ್ಲಿ 1, 2, 3 ಸೇರುತ್ತದೆ. ಮೊದಲು ಮೊದಲನೆಯದನ್ನು ಕ್ಲಿಕ್ ಮಾಡದೆ ನಡುವಿನ ಯಾವುದರ ಮೇಲೋ ನಿಂತು ಒತ್ತಿದರೆ ನಂಬರ್ ಅಲ್ಲಿಂದ ಶುರುವಾಗಿ ಕ್ರಮ ಕಲಸುತ್ತದೆ. ಹಾಗಾದರೆ ಹೆದರಬೇಡಿ, ಅದೇ ಫೋಲ್ಡರಿನಲ್ಲಿ ನಿಂತು ಕಂಟ್ರೋಲ್ ಝಡ್ ಒತ್ತಿದರೆ ಹಳೆಯ ಹೆಸರುಗಳು ವಾಪಸ್ ಬರುತ್ತವೆ.

ಎಡವುವ ಜಾಗಗಳು ಇಷ್ಟು. ಹೆಸರಿನಲ್ಲಿ ದಿನಾಂಕವನ್ನು 12/06/2025 ಎಂದು ಓರೆಗೆರೆ ಹಾಕಿ ಬರೆಯಲು ವಿಂಡೋಸ್ ಬಿಡುವುದಿಲ್ಲ. ಓರೆಗೆರೆ, ಕೋಲನ್, ಪ್ರಶ್ನಾರ್ಥಕ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆ ಇವೆಲ್ಲ ಹೆಸರಿನಲ್ಲಿ ನಿಷಿದ್ಧ. 2025-06-12 ಎಂದು ಬರೆಯಿರಿ, ವರ್ಷ ಮೊದಲು ಬಂದರೆ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಪಿಡಿಎಫ್, ಜೆಪಿಜಿ ಭಾಗ ಕಾಣುತ್ತಿದ್ದರೆ ಅದನ್ನು ಅಳಿಸಬೇಡಿ. ಎಫ್2 ಒತ್ತಿದಾಗ ಅದು ಆ ಭಾಗವನ್ನು ಬಿಟ್ಟೇ ಹೆಸರನ್ನು ಆರಿಸಿರುತ್ತದೆ, ನಾವೇ ಹೋಗಿ ಎಲ್ಲ ಅಳಿಸಿ ಆಮೇಲೆ ಫೈಲ್ ತೆರೆಯುತ್ತಿಲ್ಲ ಅಂತ ಒದ್ದಾಡುತ್ತೇವೆ. 'ಫೈಲ್ ಬಳಕೆಯಲ್ಲಿದೆ' ಎಂಬ ಸಂದೇಶ ಬಂದರೆ ಅದನ್ನು ತೆರೆದಿಟ್ಟ ಪ್ರೋಗ್ರಾಂ ಮುಚ್ಚಿ. ಕನ್ನಡದಲ್ಲಿ ಹೆಸರಿಡಲು ವಿಂಡೋಸ್‌ನ ಅಡ್ಡಿ ಏನಿಲ್ಲ. ಅರ್ಜಿ ಜೊತೆ ಅಪ್‌ಲೋಡ್ ಮಾಡುವ ಫೈಲಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಚಿಕ್ಕ ಹೆಸರಿಡುವುದು ಕ್ಷೇಮ. ಕನ್ನಡದ ಹೆಸರನ್ನು ಕೆಲವು ಜಾಲತಾಣಗಳು ಒಪ್ಪದೆ, ಕಾರಣವನ್ನೂ ಹೇಳದೆ ತಿರಸ್ಕರಿಸುತ್ತವೆ.

ಎಕ್ಸೆಲ್‌ನಲ್ಲಿ ಇದೇ ಎಫ್2 ಸೆಲ್ಲಿನ ಒಳಗೆ ಕರೆದೊಯ್ಯುತ್ತದೆ. ತುಂಬಿದ ಸೆಲ್ ಮೇಲೆ ನಿಂತು ನೇರವಾಗಿ ಟೈಪ್ ಮಾಡಿದರೆ ಹಳೆಯದು ಅಳಿಸಿಹೋಗುತ್ತದೆ. ಎಫ್2 ಒತ್ತಿದರೆ ಕರ್ಸರ್ ಕೊನೆಯಲ್ಲಿ ನಿಲ್ಲುತ್ತದೆ, ತಪ್ಪಿದ ಒಂದು ಅಂಕಿಯನ್ನಷ್ಟೇ ತಿದ್ದಬಹುದು.

ಎಫ್4: ಮೆಂಟೇನೆನ್ಸ್ ಲೆಕ್ಕ ತಪ್ಪುವುದು ಎಲ್ಲಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಖಜಾಂಚಿ ಆದವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಚದರಡಿಗೆ ಇಷ್ಟು ಅಂತ ಮೆಂಟೇನೆನ್ಸ್ ಹಾಕುವುದಿದೆ ಎನ್ನಿ. ದರ 3.50 ರೂಪಾಯಿ, ಅದನ್ನು ಬಿ1 ಸೆಲ್ಲಿನಲ್ಲಿ ಬರೆದಿದ್ದೀರಿ. ಬಿ2 ಖಾಲಿ. ಬಿ3ರಲ್ಲಿ 'ಚದರಡಿ' ಎಂಬ ತಲೆಬರಹ. ಬಿ4ರಿಂದ ಕೆಳಕ್ಕೆ ಫ್ಲ್ಯಾಟ್‌ಗಳ ಅಳತೆ: 1150, 980, 1240, 1080.

ಸಿ4ರಲ್ಲಿ =ಬಿ4*ಬಿ1 ಎಂದು ಹಾಕಿದರೆ 4,025 ಬರುತ್ತದೆ, ಸರಿಯಾಗಿದೆ. ಸೆಲ್ಲಿನ ಹೆಸರನ್ನು ಎಕ್ಸೆಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಕನ್ನಡ ಕೀಬೋರ್ಡ್ ಆನ್ ಇದ್ದರೆ ಮೊದಲು ಬದಲಿಸಿಕೊಳ್ಳಿ. ಈಗ ಆ ಸೂತ್ರವನ್ನು ಕೆಳಕ್ಕೆ ಎಳೆಯಿರಿ. ಎರಡನೇ ಫ್ಲ್ಯಾಟಿಗೆ ಸೊನ್ನೆ. ಮೂರನೆಯದಕ್ಕೆ ಎರರ್. ನಾಲ್ಕನೆಯದಕ್ಕೆ 12,42,000 ರೂಪಾಯಿ ಮೆಂಟೇನೆನ್ಸ್! ಏನಾಯಿತೆಂದರೆ, ಸೂತ್ರ ಒಂದು ಸಾಲು ಕೆಳಗಿಳಿದಾಗ ಅದರೊಳಗಿನ ಎರಡೂ ಹೆಸರುಗಳು ಒಂದೊಂದು ಸಾಲು ಇಳಿದವು. ಬಿ4 ಹೋಗಿ ಬಿ5 ಆಗಬೇಕಿತ್ತು, ಆಯಿತು. ಬಿ1 ಅಲ್ಲೇ ಇರಬೇಕಿತ್ತು, ಅದೂ ಬಿ2 ಆಯಿತು, ಅಲ್ಲಿ ಖಾಲಿ. ಮುಂದೆ ಬಿ3, ಅಲ್ಲಿ ಅಕ್ಷರ. ಅದರ ಮುಂದೆ ಬಿ4, ಅಂದರೆ 1080ಕ್ಕೆ 1150ರಿಂದ ಗುಣಾಕಾರ.

ಸರಿಪಡಿಸುವುದು ಹೀಗೆ:

1. ಸಿ4 ಮೇಲೆ ನಿಂತು ಎಫ್2 ಒತ್ತಿ.
2. ಕರ್ಸರನ್ನು ಬಿ1 ಅನ್ನುವ ಹೆಸರಿಗೆ ತಾಗುವಂತೆ ನಿಲ್ಲಿಸಿ. ಕೊನೆಯಲ್ಲೇ ಇದ್ದರೆ ಹಾಗೇ ಬಿಡಿ.
3. ಎಫ್4 ಒಂದು ಸಲ ಒತ್ತಿ. ಬಿ1 ಇದ್ದದ್ದು $ಬಿ$1 ಆಗುತ್ತದೆ. ಎಂಟರ್.
4. ಈಗ ಕೆಳಕ್ಕೆ ಎಳೆಯಿರಿ. 4,025, ನಂತರ 3,430, ನಂತರ 4,340, ನಂತರ 3,780.

ಡಾಲರ್ ಗುರುತಿಗೂ ಅಮೆರಿಕದ ದುಡ್ಡಿಗೂ ಇಲ್ಲಿ ಸಂಬಂಧ ಇಲ್ಲ, ಅದು ಕದಲಬೇಡ ಎಂದು ಹೊಡೆದ ಮೊಳೆ. ಎಫ್4ನ್ನು ಮತ್ತೆ ಮತ್ತೆ ಒತ್ತಿದರೆ ಸಾಲಿಗೆ ಮಾತ್ರ ಮೊಳೆ, ಕಾಲಂಗೆ ಮಾತ್ರ ಮೊಳೆ, ಕೊನೆಗೆ ಮೊಳೆಯೇ ಇಲ್ಲ, ಹೀಗೆ ನಾಲ್ಕು ಸ್ಥಿತಿಗಳು ಸುತ್ತುತ್ತವೆ. ಗೂಗಲ್ ಶೀಟ್ಸ್‌ನಲ್ಲೂ ಎಫ್4 ಇದೇ ಕೆಲಸ ಮಾಡುತ್ತದೆ. ಮುಂದಿನ ವರ್ಷ ದರ ಬದಲಾದಾಗ ಬಿ1 ಒಂದನ್ನು ತಿದ್ದಿದರೆ ಇಡೀ ಪಟ್ಟಿ ತಿದ್ದಿಕೊಳ್ಳುತ್ತದೆ, ಈ ಶ್ರಮಕ್ಕೆ ಸಿಗುವ ಲಾಭ ಅದು.

ಸೂತ್ರದ ಒಳಗೆ ಇಲ್ಲದಾಗ ಎಫ್4 ಹಿಂದೆ ಮಾಡಿದ ಕೆಲಸವನ್ನೇ ಮತ್ತೊಮ್ಮೆ ಮಾಡುತ್ತದೆ. ಒಂದು ಸೆಲ್ಲಿಗೆ ಹಳದಿ ಬಣ್ಣ ಬಳಿದು, ಇನ್ನೊಂದರ ಮೇಲೆ ನಿಂತು ಎಫ್4 ಒತ್ತಿದರೆ ಅದಕ್ಕೂ ಹಳದಿ. ವರ್ಡ್‌ನಲ್ಲೂ ಹೀಗೇ.

ಎಫ್5: ಯಾವಾಗ ಒತ್ತಬೇಕು, ಯಾವಾಗ ಕೈ ಕಟ್ಟಿ ಕೂರಬೇಕು

ಬ್ರೌಸರ್ ಒಂದು ಪುಟವನ್ನು ತೋರಿಸುವಾಗ ಅದರ ಚಿತ್ರ, ವಿನ್ಯಾಸಗಳನ್ನು ಕಂಪ್ಯೂಟರಿನಲ್ಲೇ ಕೂಡಿಟ್ಟುಕೊಳ್ಳುತ್ತದೆ. ಎಫ್5 ಒತ್ತಿದಾಗ ಕೂಡಿಟ್ಟದ್ದನ್ನು ಸಾಧ್ಯವಾದಷ್ಟು ಬಳಸಿಕೊಂಡೇ ಪುಟವನ್ನು ಮತ್ತೆ ತರಿಸುತ್ತದೆ. ಕಂಟ್ರೋಲ್ ಜೊತೆ ಎಫ್5 ಒತ್ತಿದರೆ ಕೂಡಿಟ್ಟದ್ದನ್ನು ಬದಿಗಿಟ್ಟು ಎಲ್ಲವನ್ನೂ ಹೊಸದಾಗಿ ತರುತ್ತದೆ. ಪುಟ ಅರ್ಧಂಬರ್ಧ ಕಾಣುತ್ತಿದ್ದರೆ, ಬಟನ್ ಒತ್ತಿದರೂ ಮಿಸುಕದಿದ್ದರೆ ಎರಡನೆಯದನ್ನು ಬಳಸಿ.

ದುಡ್ಡು ಕಟ್ಟುವ ಪುಟದಲ್ಲಿ ಎರಡೂ ಬೇಡ. ಕರೆಂಟ್ ಬಿಲ್ಲೋ ಆಸ್ತಿ ತೆರಿಗೆಯೋ ಕಟ್ಟುತ್ತಿದ್ದೀರಿ, ಓಟಿಪಿ ಹಾಕಿದ ಮೇಲೆ ಚಕ್ರ ಸುತ್ತುತ್ತಲೇ ಇದೆ. ಆಗ ಎಫ್5 ಒತ್ತಿದರೆ ಬ್ರೌಸರ್ ಹಿಂದೆ ಕಳಿಸಿದ ವಿವರವನ್ನೇ ಮತ್ತೊಮ್ಮೆ ಕಳಿಸಬೇಕಾಗಬಹುದು, ಅದಕ್ಕೇ 'ಫಾರ್ಮನ್ನು ಮತ್ತೆ ಸಲ್ಲಿಸಬೇಕೇ' ಎಂದು ಕೇಳುತ್ತದೆ. ಅವಸರದಲ್ಲಿ ಹೌದು ಅಂದುಬಿಟ್ಟರೆ ಎರಡು ಸಲ ಪಾವತಿಯಾಗುವ ಸಂಭವ ಇದೆ. ಕ್ಯಾನ್ಸಲ್ ಒತ್ತಿ. ಮೊದಲು ಬ್ಯಾಂಕಿನ ಮೆಸೇಜ್ ಬಂದಿದೆಯೇ, ಖಾತೆಯಲ್ಲಿ ದುಡ್ಡು ಕಡಿತವಾಗಿದೆಯೇ ನೋಡಿ. ಆಮೇಲೆ ಬೇರೆ ಟ್ಯಾಬಿನಲ್ಲಿ ಅದೇ ತಾಣಕ್ಕೆ ಲಾಗಿನ್ ಆಗಿ ಪಾವತಿ ಇತಿಹಾಸ ಪರಿಶೀಲಿಸಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, ದಸರಾ ರಜೆಗೆ ಬಸ್ ಟಿಕೆಟ್ ತೆರೆಯುವ ದಿನ ಎಲ್ಲರೂ ಎಫ್5 ಕುಟ್ಟುತ್ತಾರೆ. ಪ್ರತಿ ಒತ್ತೂ ಹೊಸ ಕೋರಿಕೆ. ಸರದಿ ನಿಲ್ಲಿಸುವ ತಾಣವಾದರೆ ನೀವು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾಗಬಹುದು.

ಪವರ್‌ಪಾಯಿಂಟ್‌ನಲ್ಲಿ ಎಫ್5 ಮೊದಲ ಸ್ಲೈಡಿನಿಂದ ಶುರು ಮಾಡುತ್ತದೆ, ಶಿಫ್ಟ್ ಜೊತೆ ಎಫ್5 ಈಗ ತೆರೆದಿರುವ ಸ್ಲೈಡಿನಿಂದ. ಮೀಟಿಂಗ್ ನಡುವೆ ತಪ್ಪು ತಿದ್ದಲು ಹೊರಬಂದವರು ಎರಡನೆಯದನ್ನು ತಿಳಿಯದೆ ಹದಿನೇಳು ಸ್ಲೈಡ್ ದಾಟಿಕೊಂಡು ಬರುವುದನ್ನು ಎಲ್ಲರೂ ನೋಡಿರುತ್ತೀರಿ. ಪ್ರೊಜೆಕ್ಟರಿಗೆ ಹಾಕಲು ಒಂದೊಂದು ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಎಫ್ ನಂಬರ್ ಇರುತ್ತದೆ. ಅದನ್ನು ಹುಡುಕುತ್ತಾ ಕೂರಬೇಡಿ, ವಿಂಡೋಸ್ ಕೀ ಜೊತೆ ಪಿ ಒತ್ತಿದರೆ ಎಲ್ಲ ಕಡೆ ನಡೆಯುತ್ತದೆ.

ಎಕ್ಸೆಲ್‌ನಲ್ಲಿ ಎಫ್5ರೊಳಗೆ ಒಂದು ಒಳ್ಳೆಯ ಸೌಕರ್ಯ ಅಡಗಿದೆ. ಯಾರು ಕಟ್ಟಿಲ್ಲವೋ ಅವರ ಮುಂದೆಲ್ಲ 'ಬಾಕಿ' ಎಂದು ತುಂಬಬೇಕು. ಆ ಕಾಲಂನ ಬೇಕಾದ ಸಾಲುಗಳನ್ನು ಮೊದಲು ಆರಿಸಿ, ಎಫ್5 ಒತ್ತಿ, ಸ್ಪೆಷಲ್ ಒತ್ತಿ, ಬ್ಲ್ಯಾಂಕ್ಸ್ ಆರಿಸಿ ಓಕೆ ಕೊಡಿ. ಖಾಲಿ ಸೆಲ್‌ಗಳಷ್ಟೇ ಉಳಿಯುತ್ತವೆ. ಬೇರೆಲ್ಲೂ ಕ್ಲಿಕ್ ಮಾಡದೆ 'ಬಾಕಿ' ಎಂದು ಟೈಪ್ ಮಾಡಿ ಕಂಟ್ರೋಲ್ ಹಿಡಿದು ಎಂಟರ್ ಒತ್ತಿ. ಸಾಲುಗಳನ್ನು ಆರಿಸುವುದನ್ನು ಮರೆತರೆ ಹಾಳೆಯಲ್ಲಿ ಬಳಸಿದ ಜಾಗದ ಖಾಲಿ ಸೆಲ್‌ಗಳಿಗೆಲ್ಲ ಬಾಕಿ ಬೀಳುತ್ತದೆ.

ಟ್ಯಾಲಿಯಲ್ಲಿ ಈ ಸಾಲೇ ಯಜಮಾನ

ಬೆಂಗಳೂರಿನಲ್ಲೇ ಹುಟ್ಟಿದ ಈ ತಂತ್ರಾಂಶದಲ್ಲಿ ಎಫ್ ಕೀ ಬಳಸದೆ ಕೆಲಸ ಮಾಡುವುದು ಎಡಗೈಯಲ್ಲಿ ಉಂಡ ಹಾಗೆ. ಟ್ಯಾಲಿಪ್ರೈಮ್‌ನ ಗೇಟ್‌ವೇಯಲ್ಲಿ, ಅಂದರೆ ಅದರ ಮೊದಲ ಪರದೆಯಲ್ಲಿ, ವೋಚರ್ಸ್ ತೆರೆದ ಮೇಲೆ ಲೆಕ್ಕ ಇಷ್ಟೇ: ನಗದನ್ನು ಬ್ಯಾಂಕಿಗೆ ತುಂಬಿದರೆ ಅಥವಾ ಬ್ಯಾಂಕಿನಿಂದ ತಂದರೆ, ಅಂದರೆ ನಮ್ಮ ದುಡ್ಡೇ ಜಾಗ ಬದಲಿಸಿದರೆ ಎಫ್4, ಕಾಂಟ್ರಾ. ಹಣ ಹೊರಗೆ ಹೋದರೆ ಎಫ್5, ಪೇಮೆಂಟ್. ಒಳಗೆ ಬಂದರೆ ಎಫ್6, ರಿಸೀಟ್. ನಗದೂ ಬ್ಯಾಂಕೂ ಮುಟ್ಟದ ಹೊಂದಾಣಿಕೆಗೆ ಎಫ್7, ಜರ್ನಲ್. ಮಾರಾಟ ಎಫ್8, ಖರೀದಿ ಎಫ್9. ವಿವರ ತುಂಬಲು ಶುರು ಮಾಡುವ ಮುಂಚೆಯೇ ಸರಿಯಾದ ವೋಚರ್‌ನಲ್ಲಿದ್ದೀರಾ ಎಂದು ಮೇಲಿನ ಪಟ್ಟಿ ನೋಡಿಕೊಳ್ಳಿ. ಕಾಂಟ್ರಾ ಹಾಕಬೇಕಾದ್ದನ್ನು ಪೇಮೆಂಟ್‌ನಲ್ಲಿ ಹಾಕುವುದು ಹೊಸಬರು ತುಂಬ ಸಲ ಮಾಡುವ ತಪ್ಪು.

ಅದಕ್ಕಿಂತ ದುಬಾರಿ ತಪ್ಪು ಎಫ್2ರದ್ದು. ಟ್ಯಾಲಿಯಲ್ಲಿ ಎಫ್2 ಅಂದರೆ ದಿನಾಂಕ. ಹಿಂದಿನ ಸಲ ಬರೆದ ದಿನಾಂಕವೇ ನಿಂತಿರುತ್ತದೆ, ಅದನ್ನು ಬದಲಿಸದೆ ಬಿಲ್ ಹಾಕುತ್ತಾ ಹೋದರೆ ಜೂನ್ ತಿಂಗಳ ಮಾರಾಟ ಮೇ ತಿಂಗಳಿಗೆ ಸೇರಿ, ಜಿಎಸ್‌ಟಿ ರಿಟರ್ನ್ ಹೊತ್ತಿಗೆ ತಾಳೆಯಾಗುವುದಿಲ್ಲ. ಕೂತ ತಕ್ಷಣ ಮೊದಲ ಕೆಲಸ ಎಫ್2. ವರದಿ ನೋಡುವಾಗ ಎಷ್ಟರಿಂದ ಎಷ್ಟರವರೆಗೆ ಎಂದು ಅವಧಿ ಬದಲಿಸಲು ಆಲ್ಟ್ ಜೊತೆ ಎಫ್2. ಎಫ್11 ಕಂಪನಿಗೆ ಸೇರಿದ ಸೌಲಭ್ಯಗಳು, ಜಿಎಸ್‌ಟಿ ಬೇಕೋ ಬೇಡವೋ ಎಂಬಂಥವು. ಎಫ್12 ಆ ಪರದೆ ಹೇಗೆ ಕಾಣಬೇಕು ಎಂಬ ಹೊಂದಿಕೆ. ಏನೋ ಒಂದು ಕಾಲಂ ಕಾಣುತ್ತಿಲ್ಲ ಎಂದರೆ ಮೊದಲು ಎಫ್12, ಅಲ್ಲಿ ಇಲ್ಲದಿದ್ದರೆ ಎಫ್11.

ವರ್ಡ್: ಪ್ರಿಂಟಿಗೆ ಕೊಡುವ ಮುಂಚೆ

ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗಿಗೆ ಕೊಟ್ಟ ಮೇಲೆ ಪರಿವಿಡಿಯಲ್ಲಿ 12ನೇ ಪುಟ ಅಂತ ಇರುವುದು ಒಳಗೆ 19ರಲ್ಲಿ ಸಿಗುತ್ತದೆ. ವರ್ಡ್ ಪರಿವಿಡಿಯನ್ನು ಪ್ರತಿ ಸಲ ತಾನಾಗಿ ತಿದ್ದುವುದಿಲ್ಲ. ಪಿಡಿಎಫ್ ಮಾಡುವ ಮುಂಚೆ ಪರಿವಿಡಿಯ ಮೇಲೆ ಕ್ಲಿಕ್ ಮಾಡಿ ಎಫ್9 ಒತ್ತಿ, ಪುಟಸಂಖ್ಯೆ ಮಾತ್ರವೋ ಇಡೀ ಪಟ್ಟಿಯೋ ಎಂದು ಕೇಳಿದಾಗ ಇಡೀ ಪಟ್ಟಿ ಅನ್ನಿ. ಕೈಯಿಂದ ಟೈಪ್ ಮಾಡಿದ ಪರಿವಿಡಿಗೆ ಇದು ನಡೆಯದು.

ಎಕ್ಸೆಲ್‌ನಲ್ಲಿ ಎಫ್9 ಲೆಕ್ಕವನ್ನು ಹೊಸದಾಗಿ ಮಾಡಿಸುತ್ತದೆ. ಅಂಕಿ ಬದಲಿಸಿದರೂ ಮೊತ್ತ ಬದಲಾಗದೆ, ಎಫ್9 ಒತ್ತಿದಾಗ ಮಾತ್ರ ಬದಲಾಗುತ್ತಿದ್ದರೆ ಲೆಕ್ಕ ಮ್ಯಾನ್ಯುಯಲ್‌ಗೆ ಹೋಗಿದೆ ಎಂದರ್ಥ. ಮೊದಲು ತೆರೆದ ಫೈಲ್ ಮ್ಯಾನ್ಯುಯಲ್ ಇದ್ದರೆ ಆಮೇಲೆ ತೆರೆದವೂ ಅದನ್ನೇ ಅನುಸರಿಸುತ್ತವೆ, ಬೇರೆಯವರ ಫೈಲಿನಿಂದ ಬರುವ ಅಂಟುರೋಗ ಇದು. ಫಾರ್ಮುಲಾಸ್ ಟ್ಯಾಬಿನ ಕ್ಯಾಲ್ಕುಲೇಶನ್ ಆಪ್ಶನ್ಸ್‌ನಲ್ಲಿ ಆಟೊಮ್ಯಾಟಿಕ್ ಮಾಡಿ.

ಕ್ಯಾಪ್ಸ್ ಲಾಕ್ ಆನ್ ಇದ್ದದ್ದು ಗೊತ್ತಾಗದೆ ಇಂಗ್ಲಿಷಿನಲ್ಲಿ ಇಡೀ ಪ್ಯಾರಾ ದೊಡ್ಡಕ್ಷರದಲ್ಲಿ ಬಿದ್ದಿದ್ದರೆ ಅಳಿಸಬೇಡಿ. ಆರಿಸಿ, ಶಿಫ್ಟ್ ಜೊತೆ ಎಫ್3 ಒತ್ತುತ್ತಾ ಹೋಗಿ, ಬೇಕಾದ ರೂಪ ಬಂದಾಗ ನಿಲ್ಲಿಸಿ. ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರದ ಗೊಡವೆ ಇಲ್ಲ, ಈಗ ಫೋನು, ಜಾಲತಾಣಗಳಲ್ಲೆಲ್ಲ ಬಳಸುವ ಯೂನಿಕೋಡ್ ಕನ್ನಡದ ಮೇಲೆ ಒತ್ತಿದರೆ ಏನೂ ಆಗುವುದಿಲ್ಲ. ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದ ಕನ್ನಡದ ಮೇಲೆ ಮಾತ್ರ ಅಪ್ಪಿತಪ್ಪಿಯೂ ಒತ್ತಬೇಡಿ. ಆ ಫಾಂಟುಗಳಲ್ಲಿ ನಮಗೆ ಕನ್ನಡ ಕಂಡರೂ ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷ್ ಅಕ್ಷರಗಳ ರಾಶಿ. ದೊಡ್ಡದನ್ನು ಸಣ್ಣದು ಮಾಡಿದ ಕೂಡಲೇ ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಚೆಲ್ಲಾಪಿಲ್ಲಿ. ಆಗಿಹೋದರೆ ತಕ್ಷಣ ಕಂಟ್ರೋಲ್ ಝಡ್. ಎಫ್7 ಕಾಗುಣಿತ ಪರೀಕ್ಷೆಯನ್ನೂ ಅಂಥ ಕಡತದ ಮೇಲೆ ಓಡಿಸಬೇಡಿ, ಕಾರಣ ಅದೇ.

ಎಫ್8 ಆಯ್ಕೆಯ ಕೀ. ವರ್ಡ್‌ನಲ್ಲಿ ಎರಡು ಸಲ ಒತ್ತಿದರೆ ಪದ, ಮೂರು ಸಲಕ್ಕೆ ವಾಕ್ಯ, ನಾಲ್ಕಕ್ಕೆ ಪ್ಯಾರಾ, ಐದಕ್ಕೆ ಇಡೀ ಕಡತ. ನಿಜ ಹೇಳಬೇಕೆಂದರೆ ಇದನ್ನು ಬಯಸಿ ಒತ್ತುವವರಿಗಿಂತ ಕೈತಪ್ಪಿ ಒತ್ತಿ ಸಿಕ್ಕಿಹಾಕಿಕೊಳ್ಳುವವರೇ ಜಾಸ್ತಿ. ಎಲ್ಲಿ ಕ್ಲಿಕ್ ಮಾಡಿದರೂ ಅಲ್ಲಿಯವರೆಗೆ ಆಯ್ಕೆ ಹಿಗ್ಗುತ್ತಿದ್ದರೆ ಎಸ್ಕೇಪ್ ಒತ್ತಿ ಬಿಡಿಸಿಕೊಳ್ಳಿ. ಆಫೀಸ್ ಪ್ರೋಗ್ರಾಂಗಳಲ್ಲಿ ಎಫ್12 ಅಂದರೆ ಸೇವ್ ಆ್ಯಸ್. ಮೂಲ ಕಡತ ಹಾಗೇ ಉಳಿಯಲಿ ಅನ್ನುವವರು ತಿದ್ದಲು ಶುರು ಮಾಡುವ ಮುಂಚೆಯೇ ಎಫ್12 ಒತ್ತಿ ಹೊಸ ಹೆಸರು ಕೊಟ್ಟುಬಿಡಲಿ.

ಕೈತಪ್ಪಿ ಒತ್ತಿ ಗಾಬರಿಯಾಗುವ ಕೀಗಳು

ಬ್ರೌಸರಿನಲ್ಲಿ ಕೆಳಗಿನ ಟಾಸ್ಕ್‌ಬಾರ್, ಮೇಲಿನ ಟ್ಯಾಬ್‌ಗಳು ಎಲ್ಲ ಮಾಯವಾಗಿ ಪುಟ ಒಂದೇ ಉಳಿದಿದೆಯೇ? ಅದು ಎಫ್11, ಇನ್ನೊಮ್ಮೆ ಒತ್ತಿ. ಪುಟದ ಬರಹದ ನಡುವೆ ಕರ್ಸರ್ ಮಿನುಗುತ್ತಾ ಬಾಣದ ಕೀಗಳಿಂದ ಪುಟ ಸರಿಯುತ್ತಿಲ್ಲವೇ? ಎಫ್7, ಇನ್ನೊಮ್ಮೆ ಒತ್ತಿ. ಸಹಾಯದ ಪುಟ ತೆರೆದುಕೊಂಡರೆ ಎಫ್2 ಬದಲು ಎಫ್1 ಒತ್ತಿದ್ದೀರಿ, ಮುಚ್ಚಿ.

ಪಕ್ಕದಲ್ಲೋ ಕೆಳಗೋ ಬಣ್ಣ ಬಣ್ಣದ ಕೋಡ್ ತುಂಬಿದ ಕಿಟಕಿ ತೆರೆದುಕೊಂಡರೆ ವೈರಸ್ ಅಲ್ಲ, ಎಫ್12. ವೆಬ್ ಪುಟ ಕಟ್ಟುವವರ ಸಾಧನ ಅದು, ಮತ್ತೆ ಒತ್ತಿದರೆ ಹೋಗುತ್ತದೆ. ಇದರ ಬಗ್ಗೆ ಮನೆಯ ಹಿರಿಯರಿಗೆ ಒಂದು ಎಚ್ಚರಿಕೆ ಹೇಳಿಡಬೇಕು. ಆ ಕಿಟಕಿಯಿಂದ ಪುಟದ ಮೇಲಿನ ಯಾವ ಅಂಕಿಯನ್ನಾದರೂ ಪರದೆಯ ಮಟ್ಟಿಗೆ ಬದಲಿಸಿ ತೋರಿಸಬಹುದು. ರೀಫಂಡ್ ಕೊಡುತ್ತೇವೆಂದು ಕರೆ ಮಾಡುವ ವಂಚಕರು ಸ್ಕ್ರೀನ್ ಹಂಚಿಕೊಳ್ಳಲು ಹೇಳಿ, ಬ್ಯಾಂಕ್ ಪುಟದಲ್ಲಿ ಐದು ಸಾವಿರವನ್ನು ಐವತ್ತು ಸಾವಿರ ಮಾಡಿ ತೋರಿಸಿ, 'ಹೆಚ್ಚಿಗೆ ಬಂದದ್ದನ್ನು ವಾಪಸ್ ಕಳಿಸಿ' ಅನ್ನುತ್ತಾರೆ. ಎಫ್5 ಒತ್ತಿ ನೋಡಿ, ಬಣ್ಣ ಕಳಚಿ ನಿಜವಾದ ಮೊತ್ತ ಕಾಣುತ್ತದೆ. ಅಪರಿಚಿತರು ಹೇಳಿದ ಸಾಲುಗಳನ್ನು ಆ ಕಿಟಕಿಯಲ್ಲಿ ಎಂದೂ ಅಂಟಿಸಬೇಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೌಸ್ ಸತ್ತಾಗ, ಕರೆಂಟ್ ಹೋದಾಗ

ಮಳೆ ಶುರುವಾಯಿತು, ಕರೆಂಟ್ ಹೋಯಿತು, ಯುಪಿಎಸ್ ಕಿರುಚುತ್ತಿದೆ. ಚಿಕ್ಕ ಯುಪಿಎಸ್‌ನಲ್ಲಿ ಇರುವುದು ಕೆಲವೇ ನಿಮಿಷ. ವರ್ಡ್, ಎಕ್ಸೆಲ್‌ನಲ್ಲಿ ಕಂಟ್ರೋಲ್ ಎಸ್ ಒತ್ತಿ ಉಳಿಸಿ, ಆಲ್ಟ್ ಜೊತೆ ಎಫ್4 ಒತ್ತಿ ಮುಚ್ಚಿ, ಒಂದೊಂದಾಗಿ ಎಲ್ಲ ವಿಂಡೋ ಮುಚ್ಚಿದ ಮೇಲೆ ವಿಂಡೋಸ್ ಕೀ ಜೊತೆ ಡಿ ಒತ್ತಿ ಡೆಸ್ಕ್‌ಟಾಪಿಗೆ ಬನ್ನಿ. ಅಲ್ಲಿ ಮತ್ತೆ ಆಲ್ಟ್ ಎಫ್4 ಒತ್ತಿದರೆ ಶಟ್‌ಡೌನ್ ಪೆಟ್ಟಿಗೆ ಬರುತ್ತದೆ, ಎಂಟರ್ ಕೊಡುವ ಮುಂಚೆ ಅದರಲ್ಲಿ ಶಟ್‌ಡೌನ್ ಎಂದೇ ಇದೆಯೇ ಓದಿ, ಸ್ಲೀಪ್ ಇದ್ದರೆ ಬಾಣದ ಕೀಯಿಂದ ಬದಲಿಸಿ.

ವೈರ್‌ಲೆಸ್ ಮೌಸಿನ ಸೆಲ್ ಮುಗಿದಾಗ ರೈಟ್ ಕ್ಲಿಕ್ಕಿನ ಜಾಗಕ್ಕೆ ಶಿಫ್ಟ್ ಎಫ್10. ಬ್ರೌಸರಿನ ವಿಳಾಸ ಪಟ್ಟಿಗೆ ಹೋಗಲು ಎಫ್6, ಪುಟದಲ್ಲಿ ಪದ ಹುಡುಕಲು ಎಫ್3.

ಆನ್ ಮಾಡುವಾಗ, ಮತ್ತು ಕೀ ಕೆಟ್ಟಾಗ

ವಿಂಡೋಸ್ ಬರುವ ಮುಂಚೆ ಒತ್ತುವ ಎಫ್ ಕೀಗಳು ಕಂಪನಿಯಿಂದ ಕಂಪನಿಗೆ ಬೇರೆ. ಡೆಲ್‌ನಲ್ಲಿ ಬಯೋಸ್‌ಗೆ ಎಫ್2, ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಎಫ್12. ಎಚ್‌ಪಿಯಲ್ಲಿ ಎಫ್10 ಮತ್ತು ಎಫ್9. ಅಂಗಡಿಯಲ್ಲಿ ಜೋಡಿಸಿಕೊಟ್ಟ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಡಿಲೀಟ್ ಕೀ. ತೊಂದರೆ ಇದ್ದಾಗ ವಿಂಡೋಸನ್ನು ಅಗತ್ಯವಾದಷ್ಟರಿಂದಲೇ ತೆರೆಯುವ ಸೇಫ್ ಮೋಡ್‌ಗೆ ಎಫ್8 ಒತ್ತುವ ಹಳೆಯ ಅಭ್ಯಾಸ ವಿಂಡೋಸ್ 7ರ ಕಾಲದ್ದು. ಈಗ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಬೇಕು, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾಟಿ ರೀಸ್ಟಾರ್ಟ್ ಕೊಟ್ಟ ಮೇಲೆ ಬರುವ ಪಟ್ಟಿಯಲ್ಲಿ 4 ಅಥವಾ ಎಫ್4 ಒತ್ತಬೇಕು.

ಒಂದು ಎಫ್ ಕೀ ಮಾತ್ರ ಕೆಲಸ ಮಾಡುತ್ತಿಲ್ಲ ಎಂದರೆ ರಿಪೇರಿಗೆ ಒಯ್ಯುವ ಮುಂಚೆ ಎರಡು ನೋಡಿ. ಹಿನ್ನೆಲೆಯಲ್ಲಿ ಓಡುತ್ತಿರುವ ಕನ್ನಡ ಟೈಪಿಂಗ್ ತಂತ್ರಾಂಶವೋ ಸ್ಕ್ರೀನ್ ರೆಕಾರ್ಡರೋ ಆ ಕೀಯನ್ನು ತನ್ನದಾಗಿಸಿಕೊಂಡಿರಬಹುದು. ಭಾಷೆ ಬದಲಿಸಲು ಎಫ್11, ಎಫ್12ನ್ನು ಹಿಡಿದಿಟ್ಟುಕೊಳ್ಳುವ ತಂತ್ರಾಂಶಗಳಿವೆ. ಅದನ್ನು ಮುಚ್ಚಿ ಮತ್ತೆ ಒತ್ತಿ ನೋಡಿ, ಆಗ ಸರಿಹೋದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಕೀ ಬದಲಿಸಿ. ಹಾಗಲ್ಲ, ಕೀಯೇ ಹೋಗಿದೆ ಎನ್ನುವುದಾದರೆ ವಿಂಡೋಸ್ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೆ ಕೀಬೋರ್ಡ್ ಬರುತ್ತದೆ. ಅದರಲ್ಲಿರುವ ಎಫ್‌ಎನ್ ಮೇಲೆ ಕ್ಲಿಕ್ ಮಾಡಿದರೆ ಅಂಕಿಗಳ ಜಾಗದಲ್ಲಿ ಎಫ್1ರಿಂದ ಎಫ್12ರವರೆಗೆ ಕಾಣುತ್ತವೆ. ಹೊಸ ಕೀಬೋರ್ಡ್ ಬರುವವರೆಗೆ ಅಲ್ಲಿಂದಲೇ ಕೆಲಸ ನಡೆಸಬಹುದು.